ಎರಡು ಬೆರಳಗಲ ಜಾಗ

ಸುದ್ದಿವಾಹಿನಿಯ ಮಾನ್ಯ ಪ್ರಧಾನ ಸಂಪಾದಕರೇ,

ಹೋದ ತಿಂಗಳು ನಿಮ್ಮ ವಾಹಿನಿ ಒಂದು ಕರವಸ್ತ್ರದ ಬಗ್ಗೆ ಹನ್ನೊಂದು ಗಂಟೆ ಮಾತಾಡಿತು. ಅದೇ ಹನ್ನೊಂದು ಗಂಟೆಗಳಲ್ಲಿ ನಮ್ಮ ಊರಿನ ನಲವತ್ಮೂರು ಜನ ಚರಂಡಿ ಬೆರೆತ ನೀರು ಕುಡಿದು ಆಸ್ಪತ್ರೆ ಸೇರಿದರು. ಆ ನೀರು ಕುಡಿಯಬೇಡಿ ಎಂಬ ಸೂಚನೆ ಬೆಳಿಗ್ಗೆ ಎಂಟಕ್ಕೇ ನಿಮ್ಮ ಕಚೇರಿ ಮುಟ್ಟಿತ್ತು. ಅದನ್ನು ಹಾಕಲು ನಿಮ್ಮ ಪರದೆಯಲ್ಲಿ ಎರಡು ಬೆರಳಗಲ ಜಾಗ ಸಿಗಲಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರ, ಆದರೆ ಆ ವಿವರ ಹೇಳದೆ ನನ್ನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ.

ನಾನು ನೀರುಗಂಟಿ. ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಇಪ್ಪತ್ತಾರು ಬೀದಿಗಳಿಗೆ ಸರದಿಯಂತೆ ನೀರು ಬಿಡುವವನು. ಹಿಂದೆಲ್ಲ ನೀರು ಬಿಡುವ ಮುನ್ನ ಸೈಕಲ್ಲಿನಲ್ಲಿ ಕೈಗಂಟೆ ಬಾರಿಸುತ್ತ ಬೀದಿ ಸುತ್ತುತ್ತಿದ್ದೆ. ಮೂರು ವರ್ಷದ ಕೆಳಗೆ ನೀವೂ ನಮ್ಮ ನೀರಿನ ಕಚೇರಿಯವರೂ ಮಾತಾಡಿಕೊಂಡಿರಿ. ಪರದೆಯ ತಳದಲ್ಲಿ ಓಡುವ ಪಟ್ಟಿಯಲ್ಲಿ ನೀರಿನ ಸಮಯ ಬರತೊಡಗಿತು. ಒಳ್ಳೆಯ ಕೆಲಸ, ಅಲ್ಲಗಳೆಯುವುದಿಲ್ಲ. ಜನ ಎದ್ದು ಮುಖ ತೊಳೆಯುವ ಮೊದಲೇ ಪಟ್ಟಿ ನೋಡುವುದನ್ನು ಕಲಿತರು. "ಇನ್ನು ನಿನ್ನ ಗಂಟೆ ಬೇಡ ಮಾರಾಯ, ಊರಿನ ಕಿವಿಗೆ ರಜಾ ಕೊಡು" ಎಂದರು ನಮ್ಮ ಎಂಜಿನಿಯರ್. ನನ್ನ ಹೆಂಡತಿ ಆ ಗಂಟೆಯನ್ನು ಹಿಟ್ಟಿನ ಡಬ್ಬದ ಮುಚ್ಚಳದ ಮೇಲೆ ಭಾರಕ್ಕಿಟ್ಟಳು. ಇಲಿಗಳಿಗಷ್ಟೇ ಅದರ ಮೇಲೆ ಸಿಟ್ಟಿತ್ತು.

ಆ ದಿನ ಆರಕ್ಕೆ ನೀರು ಬಿಟ್ಟೆ. ಏಳೂವರೆಗೆ ಮೂರನೇ ಬೀದಿಯ ತಿರುವಿನಲ್ಲಿ ಮೂಗಿಗೆ ಬಡಿದ ವಾಸನೆಯಿಂದಲೇ ಗೊತ್ತಾಯಿತು: ಕೊಳವೆ ಒಡೆದು ಚರಂಡಿ ಒಳನುಗ್ಗಿದೆ. ಕೂಡಲೇ ವಾಲ್ವ್ ತಿರುಗಿಸಿ ಮುಚ್ಚಿದೆ. ಆದರೆ ಅಷ್ಟರಲ್ಲಿ ಮನೆಮನೆಯ ಕೊಡ, ಬಕೆಟ್ಟು, ಡ್ರಮ್ಮು ತುಂಬಿದ್ದವು. ಅವನ್ನು ಮುಚ್ಚುವ ಚಾವಿ ನನ್ನ ಹೆಗಲ ಮೇಲಿರಲಿಲ್ಲ. ಅದು ನಿಮ್ಮ ಬಳಿಯಿತ್ತು. ಎಂಜಿನಿಯರ್ ನನ್ನೆದುರೇ ನಿಮ್ಮ ಕಚೇರಿಗೆ ಫೋನ್ ಮಾಡಿದರು. "ಇವತ್ತು ಪಟ್ಟಿ ಇಲ್ಲ ಸಾರ್. ವಿಶೇಷ ಚರ್ಚೆ ಇದೆ. ಹದಿನಾಲ್ಕು ಜನರ ಮುಖ ಹಿಡಿಸ್ಬೇಕು, ಜಾಗ ಸಾಲ್ತಿಲ್ಲ. ಸಂಜೆ ನೋಡೋಣ" ಎಂದ ದನಿ ನನಗೂ ಕೇಳಿಸಿತು.

ಏನದು ವಿಶೇಷ? ಗಾಯಕಿಯೊಬ್ಬರು ಸಮಾರಂಭದಲ್ಲಿ ಕೂರುವ ಮುನ್ನ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿದ್ದರು. ಇದು ಸಭೆಗೆ ಮಾಡಿದ ಅವಮಾನವೋ, ಅಲ್ಲವೋ? ಒರೆಸಿದ್ದು ಎಡಗೈಯೋ, ಬಲಗೈಯೋ? ಎರಡು ಸಲ ಒರೆಸಿದ್ದರ ಒಳಮರ್ಮವೇನು? ಮಾನ್ಯರೇ, ಆ ಕುರ್ಚಿಯನ್ನೂ ಸ್ಟುಡಿಯೋಗೆ ತಂದು ಮಧ್ಯದಲ್ಲಿ ಇರಿಸಿದಿರಿ. ಪುಣ್ಯಕ್ಕೆ ಅದೊಂದೇ ಬಾಯಿಬಿಡಲಿಲ್ಲ.

ನಾನು ಮನೆಗೆ ಓಡಿ, ಹಿಟ್ಟು ಕೊಡವಿ ಗಂಟೆ ಎತ್ತಿಕೊಂಡು ಬೀದಿಗಿಳಿದೆ. ಎಲ್ಲ ಬಾಗಿಲುಗಳೂ ತೆರೆದಿದ್ದವು, ಎಲ್ಲ ಬೆನ್ನುಗಳೂ ನನ್ನ ಕಡೆಗಿದ್ದವು. "ಏ ನೀರಪ್ಪಾ, ಆ ಗಂಟೆ ಸ್ವಲ್ಪ ನಿಲ್ಸೋ! ಕುರ್ಚಿ ಮಾಲೀಕ ಮಾತಾಡ್ತಿದಾನೆ!" ಎಂದು ಯಾರೋ ಕೂಗಿದರು. ನನ್ನ ಸ್ವಂತ ಅಕ್ಕನ ಮನೆಗೆ ಹೋದೆ.

"ಅಕ್ಕಾ, ಬೆಳಿಗ್ಗೆ ಹಿಡಿದ ನೀರು ಕುಡೀಬೇಡ. ಚೆಲ್ಲಿಬಿಡು."

"ಯಾರು ಹೇಳಿದ್ದು?"

"ನಾನೇ ಹೇಳ್ತಿದೀನಲ್ಲೇ! ನೀರು ಬಿಟ್ಟವನು ನಾನು."

"ಹಾಗಿದ್ರೆ ಟೀವೀಲಿ ಬರ್ತಿತ್ತು ಕಣೋ. ಬೆಳಿಗ್ಗೆಯಿಂದ ನೋಡ್ತಾನೇ ಇದೀನಿ, ಒಂದಕ್ಷರ ಬಂದಿಲ್ಲ. ಗಂಟೆ ಬಾರಿಸ್ದೆ ನಿನ್ನ ಕೈ ತುರಿಸ್ತಿದೆ, ಅಷ್ಟೇ."

ನನ್ನನ್ನು ಅಣಕಿಸುವುದಕ್ಕೆಂದೇ ಲೋಟ ಅದ್ದಿ, ನನ್ನ ಕಣ್ಣೆದುರೇ ಗಟಗಟ ಕುಡಿದಳು. ಸಂಜೆಗೆ ಅವಳನ್ನು ಹೊತ್ತೊಯ್ದೆವು. ಇನ್ನೊಂದು ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು.

ಮೂರನೇ ದಿನ ನಿಮ್ಮ ವರದಿಗಾರರು ಆಸ್ಪತ್ರೆಗೆ ಬಂದರು. ಅಂತೂ ಬಂದರಲ್ಲ ಎಂದು ಎದ್ದು ಸ್ಟೂಲು ಕೊಟ್ಟೆ. ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಅಕ್ಕನ ಬಾಯಿಗೆ ಮೈಕ್ ಹಿಡಿದು ಅವರು ಕೇಳಿದ್ದು ಇದು: "ಅಮ್ಮಾ, ಕರವಸ್ತ್ರದ ಬಗ್ಗೆ ನೀವೇನಂತೀರಿ?"

ಅಕ್ಕ ಮೈಕನ್ನು ತುಸು ದೂರ ಸರಿಸಿದಳು. "ಒರೆಸಿದ್ದೇ ಸರಿ ಬಿಡಪ್ಪ. ಆಕೆ ಕೂರೋ ಮುಂಚೆ ಕುರ್ಚಿ ನೋಡಿದ್ಳು. ನಾನು ಕುಡಿಯೋ ಮುಂಚೆ ನೀರು ನೋಡ್ಲಿಲ್ಲ, ನಿಮ್ಮನ್ನ ನೋಡ್ದೆ" ಎಂದಳು.

ನೀವು ಬಿತ್ತರಿಸಿದ್ದು ಮೊದಲ ಎರಡು ಪದ. "ಒರೆಸಿದ್ದೇ ಸರಿ: ರೋಗಿಯ ಸ್ಫೋಟಕ ಹೇಳಿಕೆ!" ಅವಳಿಗೆ ಯಾವ ರೋಗ, ಅದು ಎಲ್ಲಿಂದ ಬಂತು ಎಂದು ಕೇಳುವ ಕುತೂಹಲ ನಿಮ್ಮ ಹದಿನಾಲ್ಕು ಮುಖಗಳಲ್ಲಿ ಒಂದಕ್ಕೂ ಹುಟ್ಟಲಿಲ್ಲವೇ?

ಜನ ನೋಡುವುದನ್ನೇ ತೋರಿಸುತ್ತೇವೆ ಎನ್ನುತ್ತೀರಿ. ನೋಡುತ್ತಾರೆ, ಒಪ್ಪಿದೆ. ಜಗಳ ಯಾರಿಗೆ ರುಚಿಸುವುದಿಲ್ಲ? ನಾನೂ ಕಥೆ ಕೇಳುತ್ತಲೇ ಹಳ್ಳಿಯಲ್ಲಿ ಬೆಳೆದವನು. ನನ್ನ ಅಜ್ಜಿ ಬಾಯಿ ತೆರೆದರೆ ಇಡೀ ಕೇರಿ ಅಲ್ಲಾಡದೆ ಕೂರುತ್ತಿತ್ತು. ಆದರೆ ರಾಜಕುಮಾರಿ ಏಳನೇ ಬಾಗಿಲಿಗೆ ಕೈಯಿಡುವ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕಿತೆನ್ನಿ, ಅಜ್ಜಿ ರಾಜಕುಮಾರಿಯನ್ನು ಬಾಗಿಲಲ್ಲೇ ನಿಲ್ಲಿಸಿ ಎದ್ದು ಹೋಗುತ್ತಿದ್ದಳು. ಹಾಲು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು, "ಎಲ್ಲಿದ್ಲು ನಮ್ಮ ಹುಡುಗಿ?" ಎಂದು ಮುಂದುವರಿಸುತ್ತಿದ್ದಳು. ರಾಜಕುಮಾರಿ ಒಮ್ಮೆಯೂ ಮುನಿಸಿಕೊಳ್ಳಲಿಲ್ಲ, ನಾವೂ ಎದ್ದು ಹೋಗಲಿಲ್ಲ. ನಿಮ್ಮ ಕುರ್ಚಿಯನ್ನು ಕಿತ್ತುಹಾಕಿ ಎಂದು ನಾನು ಕೇಳುತ್ತಿಲ್ಲ. ಹಾಲು ಉಕ್ಕುವಾಗ ಏಳಿ ಎನ್ನುತ್ತಿದ್ದೇನೆ. ಒಂದು ಅಕ್ಷರವೂ ಓದದ ಮುದುಕಿಗೆ ತಿಳಿದಿದ್ದ ಸಂಪಾದಕತ್ವ ನಿಮ್ಮ ಗಾಜಿನ ಕೋಣೆಗೆ ಯಾಕೆ ತಿಳಿಯದು?

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. ಒಡೆದ ಕೊಳವೆಗೆ ಸದ್ಯ ತೇಪೆ ಹಾಕಲಾಗಿದೆ. ಬರುವ ಬುಧವಾರ ಹೊಸದನ್ನು ಜೋಡಿಸುತ್ತಾರೆ. ಹಳೆಯ ಕೊಳೆಯೆಲ್ಲ ಕದಡಿ ಬರುವುದರಿಂದ ಎರಡು ದಿನ ಆ ನೀರು ಕುಡಿಯುವಂತಿಲ್ಲ. ನಿಮಗೆ ಶ್ರಮ ಬೇಡವೆಂದು ಸಾಲನ್ನು ನಾನೇ ಬರೆದುಕೊಟ್ಟಿದ್ದೇನೆ: "ಬುಧವಾರ, ಗುರುವಾರ ನಲ್ಲಿ ನೀರು ಕುಡಿಯಬೇಡಿ." ಬುಧವಾರ ಬೆಳಿಗ್ಗೆ ಆರರಿಂದ ಗುರುವಾರ ರಾತ್ರಿಯವರೆಗೆ ಇದು ಪಟ್ಟಿಯಲ್ಲಿ ಓಡಬೇಕು. ಆ ದಿನ ಯಾರು ಏನನ್ನೇ ಒರೆಸಲಿ, ಯಾರ ಮುಂದೆ ಯಾರೇ ಸೀನಲಿ, ಈ ಸಾಲು ನಿಲ್ಲಬಾರದು. ಇದು ಬಿನ್ನಹವಲ್ಲ.

ಹಾಕುವುದಿಲ್ಲವೋ? ಬಿಡಿ. ಅಕ್ಕ ಮನೆಗೆ ಬಂದಿದ್ದಾಳೆ. ಬಂದವಳೇ ನನ್ನ ಗಂಟೆ ಕಸಿದುಕೊಂಡಳು. "ನೀನು ಬಾರಿಸಿದ್ರೆ ಯಾರೂ ನಂಬಲ್ಲ ಕಣೋ, ನಾನೇ ನಂಬ್ಲಿಲ್ಲ. ಆ ನೀರು ಕುಡಿದು ಬದುಕಿದವಳು ನಾನು. ನಾನು ಬಾರಿಸಿದ್ರೆ ಟೀವಿ ಆರಿಸಿ ಹೊರಗೆ ಬರ್ತಾರೆ" ಎಂದಳು. ಬುಧವಾರ ಆರಕ್ಕೆ ನಾನು ಸೈಕಲ್ ತುಳಿಯುತ್ತೇನೆ, ಅವಳು ಹಿಂದಿನ ಸೀಟಿನಲ್ಲಿ ಕೂತು ಬಾರಿಸುತ್ತಾಳೆ.

ಹೊಸ ಕೊಳವೆಯ ನೀರು ನಿಮ್ಮ ಕಚೇರಿಯ ಬೀದಿಗೂ ಬರಲಿದೆ. ಆದ್ದರಿಂದ ಮೊದಲ ಗಂಟೆ ನಿಮ್ಮ ಗೇಟಿನ ಮುಂದೆಯೇ. ನೀವು ನಮಗೆ ಹೇಳದಿದ್ದರೂ ನಾವು ನಿಮಗೆ ಹೇಳಿಯೇ ಹೋಗುತ್ತೇವೆ. ಆ ಹದಿನಾಲ್ಕು ಜನರಿಗೂ ಬಾಯಾರಿಕೆ ಆಗುತ್ತದಲ್ಲ.

ಇಂತಿ,
ನಿಮ್ಮ ಪರದೆಯ ತಳದಲ್ಲೂ ಜಾಗ ಸಿಗದ,
ಇಪ್ಪತ್ತಾರು ಬೀದಿಗಳ ನೀರುಗಂಟಿ