ಅಳಿಯದ ಬೊಟ್ಟು

ಹಿರಿಯೂರು
25-10-1977

ಸೋಡಾ ಫ್ಯಾಕ್ಟರಿಯ ಮ್ಯಾನೇಜರ್ ಸಾಹೇಬರಿಗೆ, ಬಾಟಲಿ ತೊಳೆಯುವ ಕಡೆಯ ಮೂರ್ತಪ್ಪನ ನಮಸ್ಕಾರ.

ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು. ನಿನ್ನೆ ಬಾಟಲಿ ತೊಳೆಯುವ ತೊಟ್ಟಿಗೆ ಕಾಸ್ಟಿಕ್ ಸೋಡಾ ಹೆಚ್ಚು ಹಾಕಿದನೆಂದು ಯತ್ತಪ್ಪನನ್ನು ಕೆಲಸದಿಂದ ತೆಗೆದಿರಿ. ಅವನು ಹಾಕಿಲ್ಲ. ಬಾಟಲಿ ಎತ್ತಲು ಕೈಯಿಟ್ಟನಷ್ಟೇ, ಎರಡೂ ಕೈಯ ಚರ್ಮ ಸುಲಿದು ಬಂತು.

ಹೊಸ ಯಂತ್ರದ ಕಡ್ಡಿ ತೊಟ್ಟಿಯೊಳಗಿದ್ದು, ನೀರಿನಲ್ಲಿ ಕಾಸ್ಟಿಕ್ ಎಷ್ಟಿದೆಯೆಂದು ನೋಡುತ್ತದೆ. ಕಡಿಮೆ ಕಂಡರೆ ಯಂತ್ರ ತಾನೇ ಸುರಿಯುತ್ತದೆ. ಆಯುಧಪೂಜೆಯ ದಿನ ಆ ಕಡ್ಡಿಯನ್ನೂ ಎತ್ತಿ ಬೊಟ್ಟಿಟ್ಟವನು ನಾನು. ಕುಂಕುಮ ನೀರಿಗೆ ತೊಳೆದುಹೋಗುತ್ತದೆಂದು ಕೆಂಪು ಪೇಂಟನ್ನೇ ಬಳಿದಿದ್ದೆ. ನಿನ್ನೆ ಸಂಜೆ ಅನುಮಾನ ಬಂದು ಅದನ್ನು ಕೆರೆದೆ. ಕೆರೆದು ಇಳಿಸಿದ್ದೇ ತಡ, ಸತ್ತಂತೆ ಬಿದ್ದಿದ್ದ ಮೀಟರಿನ ಮುಳ್ಳು ಹಾರಿ ಹೆಚ್ಚಿನ ತುದಿಗೆ ಬಡಿಯಿತು. ನನ್ನ ಪೇಂಟು ಮುಚ್ಚಿದ್ದರಿಂದ ಕಡ್ಡಿಗೆ ಕಾಸ್ಟಿಕ್ ಕಾಣದೆ, ಯಂತ್ರ ಸುರಿಯುತ್ತಲೇ ಇತ್ತು.

ಯತ್ತಪ್ಪನನ್ನು ವಾಪಸು ಕರೆದುಕೊಳ್ಳಬೇಕು. ನನ್ನನ್ನು ಏನು ಬೇಕಾದರೂ ಮಾಡಿ. ಆದರೆ ಆಸ್ಪತ್ರೆಗೆ ತಾವೇ ಹೋಗಿ ಅವನಿಗೆ ನಿಜ ಹೇಳಬೇಕು, ನನ್ನಿಂದ ಆಗಲಿಲ್ಲ. ಇವತ್ತು ಬೆಳಿಗ್ಗೆ ಹೋಗಿದ್ದೆ. ಬಟ್ಟೆ ಸುತ್ತಿದ ಕೈಗಳನ್ನು ಜೋಡಿಸಿ, "ಪೂಜೇಲಿ ಏನೋ ಕಮ್ಮಿ ಆಗೈತೆ ಮೂರ್ತಣ್ಣ, ಯಂತ್ರ ಮುನಿಸ್ಕಂಡೈತೆ. ನನ್ನ ಹೆಸ್ರಲ್ಲಿ ಇನ್ನೊಂದ್ಸಲ ಬೊಟ್ಟಿಕ್ಕು" ಅಂದ.

ತಮ್ಮ ಅಪ್ಪಣೆಗೆ ಗೇಟಿನ ಹೊರಗೆ ಕಾದು ಕೂತಿರುವ,
ಮೂರ್ತಪ್ಪ