ಒಳಗೆ ಮಡಿಚಿದ ಅಂಚು

ಭಾನುವಾರ, ಮಧ್ಯಾಹ್ನ

ನನ್ನ ಚಿನಕುರಳಿಗೆ,

ಅಮ್ಮನ ಆಶೀರ್ವಾದಗಳು. ಮುಂದಿನ ತಿಂಗಳು ನೀನು ದೀಕ್ಷೆ ತೆಗೆದುಕೊಂಡು ಭಿಕ್ಷುಣಿಯಾದ ಮೇಲೆ ನಾನು ಆಶೀರ್ವಾದ ಮಾಡಬೇಕೋ, ನಿನ್ನಿಂದ ಬೇಡಬೇಕೋ ತಿಳಿಯದು. ಅಲ್ಲಿಯವರೆಗಂತೂ ನಾನೇ ದೊಡ್ಡವಳು, ಸುಮ್ಮನೆ ತೆಗೆದುಕೋ.

ದೀಕ್ಷೆಗೆ ನಾವು ಬೌದ್ಧ ವಿಹಾರಕ್ಕೆ ಬರುವಾಗ ಏನು ತೊಡಬೇಕೆಂದು ನೀನು ಬರೆದ ಕಾಗದ ತಲುಪಿತು. ಬಿಳಿ ಬಟ್ಟೆ, ಹೆಗಲು ಮೊಣಕಾಲು ಮುಚ್ಚಿರಬೇಕು, ನೆಲದ ಮೇಲೆ ಕೂರಲು ಸಡಿಲವಾಗಿರಬೇಕು, ಸೆಂಟು ಬೇಡ, ಚಪ್ಪಲಿ ಬೇಗ ಕಳಚುವಂಥದ್ದಿರಲಿ. ಓದಿ ನಗು ಬಂತು. ಮೊಣಕಾಲಿನ ಹತ್ತಿರ ಹರಿದಿದ್ದ ಪ್ಯಾಂಟನ್ನು ಹೊಲಿದಿಟ್ಟೆನೆಂದು ಮುಖ ಊದಿಸಿಕೊಂಡು ಕೂತವಳು ನೀನೇ ಅಲ್ಲವೇ? ಅದು ಫ್ಯಾಷನ್ ಕಣಮ್ಮ, ನಿಂಗೇನೂ ಗೊತ್ತಾಗಲ್ಲ ಅಂತ ಕೂಗಾಡಿದ್ದೆ. ಈಗ ಟೈಲರಿಗೇ ಬಟ್ಟೆಯ ಪಾಠ!

ನಿನ್ನಪ್ಪ ಬಿಳಿ ಶರಟನ್ನು ಆಗಲೇ ಇಸ್ತ್ರಿ ಮಾಡಿ ಬಾಗಿಲ ಹಿಂದೆ ನೇತುಹಾಕಿದ್ದಾರೆ. ಹೆಬ್ಬೆರಳು ಇಣುಕುವ ಆ ಸಾಕ್ಸ್ ಬೇಡವೆಂದರೆ, ಅದನ್ನ ಯಾರು ನೋಡ್ತಾರೆ ಬಿಡೇ ಅಂದರು. ಅಲ್ಲಿ ಶೂ ಬಿಟ್ಟು ಒಳಗೆ ಹೋಗ್ಬೇಕು, ಎಲ್ಲರೂ ನೋಡೋದೇ ಅದನ್ನ ಅಂದೆ. ನಮ್ಮಿಬ್ಬರ ನಡುವೆ ಈಗ ಇಷ್ಟು ಮಾತೇ ಹೆಚ್ಚು. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ.

ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿದೆ. ಯಾವ ಹುಡುಗಿಯ ಅಳತೆ ತೆಗೆಯುವಾಗಲೂ ನಿನ್ನದೇ ನೆನಪು. ನಿನಗೆ ಗೊತ್ತೋ ಇಲ್ಲವೋ, ದೊಡ್ಡವಳಾದ ಮೇಲೆ, ನಾನು ಅಪ್ಪಿಕೊಳ್ಳಲು ಬಂದರೆ ನೀನು ಸೆಕೆ ಅಂತ ಜಾರಿಕೊಳ್ಳುತ್ತಿದ್ದೆ. ಟೇಪು ಹಿಡಿದರೆ ಮಾತ್ರ ಎರಡೂ ಕೈ ಎತ್ತಿ ನಿಲ್ಲುತ್ತಿದ್ದೆ. ಹಾಗಾಗಿ ನಾನು ನಿನ್ನ ಎದೆಯ ಸುತ್ತಳತೆಯನ್ನು ಮತ್ತೆ ಮತ್ತೆ ತೆಗೆಯುತ್ತಿದ್ದೆ. ಎಷ್ಟ್ ಸಲ ಅಮ್ಮಾ ಅಂತ ನೀನು ರೇಗುತ್ತಿದ್ದೆ. ಅಳತೆ ನನಗೆ ಬಾಯಿಪಾಠವಾಗಿತ್ತು ಕಣೇ. ದೀಕ್ಷೆಯ ದಿನ ನೀನು ತೊಡುವ ಚೀವರಕ್ಕೆ ಯಾರ ಅಳತೆಯೂ ಬೇಡವಂತೆ, ಮೈಗೆ ಸುತ್ತಿಕೊಂಡರಾಯಿತಂತೆ.

ಬಟ್ಟೆಯ ಬಗ್ಗೆ ಇಷ್ಟೆಲ್ಲ ಬರೆದವಳು ಒಂದನ್ನು ಮರೆತಿದ್ದೀಯ. ನಿನ್ನನ್ನು ಕಂಡಾಗ ನಾನು ಕೈಮುಗಿಯಬೇಕೇ, ಅಪ್ಪಿಕೊಳ್ಳಬಹುದೇ? ನಿಮ್ಮ ಹಿರಿಯ ಭಿಕ್ಷುಣಿಯವರನ್ನು ಕೇಳಿ ಬರೆ. ಕೈಮುಗಿ ಎಂದರೆ ಮುಗಿಯುತ್ತೇನೆ. ಮನೆಗೆ ಬಾ ಎಂದು ಮಾತ್ರ ಕರೆಯುವುದಿಲ್ಲ, ನಿನ್ನಪ್ಪನಿಗೆ ಮಾತು ಕೊಟ್ಟಿದ್ದೇನೆ. ದೀಕ್ಷೆಗೆ ಮುಂಚೆ ಯಾರು ಬೇಕಾದರೂ ಹಿಂದಿರುಗಬಹುದೆಂದು ನೀನೇ ಒಮ್ಮೆ ಬರೆದಿದ್ದೆ. ಆ ವಿಷಯವನ್ನೂ ನಾನು ಎತ್ತುವುದಿಲ್ಲ. ನೀನು ನೆಮ್ಮದಿಯಾಗಿದ್ದರೆ ಸಾಕು.

ನಿನ್ನ ದಾರಿ ನೋಡುತ್ತಾ,
ಅಮ್ಮ

ತಾ.ಕ.: ಅಲ್ಲಿಗೆ ಬರಲೆಂದು ನನಗೊಂದು ಬಿಳಿ ನಿಲುವಂಗಿ ಹೊಲಿದುಕೊಂಡೆ. ಹಾಕಿ ನೋಡಿದರೆ ತೋಳು ಬೆರಳು ದಾಟಿದೆ, ಅಂಚು ನೆಲ ಗುಡಿಸುತ್ತಿದೆ. ಕೈ ತನ್ನ ಪಾಡಿಗೆ ನಿನ್ನ ಅಳತೆಗೇ ಕತ್ತರಿಸಿಬಿಟ್ಟಿದೆ. ಹೆಚ್ಚಾದ ಬಟ್ಟೆಗೆ ಕತ್ತರಿ ಹಾಕಲು ಮನಸ್ಸಾಗಲಿಲ್ಲ, ಒಳಗೆ ಮಡಿಚಿ ಕಚ್ಚಾ ಹೊಲಿಗೆ ಹಾಕಿದ್ದೇನೆ. ಅದನ್ನೇ ತೊಟ್ಟು ಬರುತ್ತೇನೆ. ನಾನು ಬದಲಾಯಿಸಿಕೊಳ್ಳಲು ಚೀಲದಲ್ಲಿ ಬೇರೆ ಬಟ್ಟೆ ಇರುತ್ತದೆ. ನಾನೇನೂ ಕರೆಯುತ್ತಿಲ್ಲ. ದಾರ ಎಳೆದರೆ ಅಂಚು ಬಿಚ್ಚಿಕೊಳ್ಳುತ್ತದೆ ಎಂದಷ್ಟೇ ತಿಳಿಸಿದೆ.