ರಿಮೋಟಿಗೆ ಸ್ಕ್ರೂ ಹಾಕಿಡು

ಡೆಸ್,

ಬೇಕರಿಗೆ ಹೊರಟೆ. ಮಧ್ಯಾಹ್ನ ನಿನ್ನ ತಂಗಿ ಲೋರ್ನಾ ಮಗಳು ಟಿಲ್ಲಿಯನ್ನು ಕರೆದುಕೊಂಡು ಬರುತ್ತಾಳೆ. ಬಟನ್ ಬ್ಯಾಟರಿ ನುಂಗಿ ಸುಟ್ಟ ಆ ಮಗುವಿನ ಗಂಟಲು ಇನ್ನೂ ವಾಸಿಯಾಗಿಲ್ಲ, ಊಟವೆಲ್ಲ ಹೊಟ್ಟೆಗೆ ಹಾಕಿದ ಕೊಳವೆಯಲ್ಲೇ. ಅವಳೆದುರು ಬಿಸ್ಕತ್ತು ಮುಕ್ಕಬೇಡ.

ನಿನ್ನ ಕ್ಯಾಮೆರಾ ರಿಮೋಟಿನ ಬ್ಯಾಟರಿ ಮುಚ್ಚಳಕ್ಕೆ ಮೊದಲು ಸ್ಕ್ರೂ ಹಾಕು. “ಯಾರದೋ ಮಗು ನುಂಗ್ತು ಅಂತ ನಾನ್ಯಾಕೆ ಸ್ಕ್ರೂಡ್ರೈವರ್ ಹಿಡ್ಕೊಂಡು ಫೋಟೋ ತೆಗೀಲಿ?” ಎಂದು, ಬಟನ್ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕೆನ್ನುವ ಕಾನೂನನ್ನು ಫೋಟೋ ಕ್ಲಬ್ಬಿನಲ್ಲಿ ಬೈದದ್ದು ಸಾಕು. ಇವತ್ತು ಆ ಮಾತೆತ್ತಿದರೆ ಕ್ಯಾಮೆರಾ ಸಮೇತ ನಿನ್ನನ್ನು ಹೊರಗೆ ಹಾಕುತ್ತೇನೆ.

ಟಿಲ್ಲಿಯ ಫೋಟೋ ತೆಗೆಸಬೇಕು ಎಂದಿದ್ದಾಳೆ ಲೋರ್ನಾ. ಕೊಳವೆ ಕಂಡರೆ ಕಾಣಲಿ. ಸೋಮವಾರ ಮತ್ತೆ ಆಪರೇಷನ್. ಅದಕ್ಕೆ ಮುಂಚೆ ಮಗು ನಗುವ ಫೋಟೋ ಒಂದು ಬೇಕಂತೆ. ಯಾಕೆಂದು ನಾನು ಕೇಳಲಿಲ್ಲ. ನೀನೂ ಕೇಳಬೇಡ.

ಮರ್ಲೀನ್